ಮಗಾ ಎಂದವರು ಯಾರು

ಮನೆಯಲ್ಲಿ ಎಲ್ಲರೂ ಅವಳನ್ನು ಗಿಳಿ ಎನ್ನುತ್ತಿದ್ದರು. ಹೆಸರಿಟ್ಟವನು ಗಂಡ. ರೈಲಿನ ಗಾರ್ಡು ಕೆಲಸ ಅವನದು, ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಅವನು ಬಂದ ದಿನ ಅವಳು ಅತ್ತೆಯ ದನಿ, ಹಾಲಿನವನ ದನಿ, ಪಕ್ಕದ ಮನೆಯವರ ಕೆಮ್ಮು ಎಲ್ಲವನ್ನೂ ಮಾಡಿ ತೋರಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನಾಲಿಗೆಯೇ ಈಗ ಅವಳಿಗೆ ಕೆಲಸ ಕೊಟ್ಟಿತ್ತು. ಸಾಮಾಜಿಕ ಜಾಲತಾಣದಲ್ಲಿ ಮೂರು ಅಂಗಡಿಗಳ ಬಾಯಾಗಿ ಮಾತಾಡುವವಳು ಅವಳೊಬ್ಬಳೇ.

ಒಂದು ಮಾವನ ಕನ್ನಡಕದ ಅಂಗಡಿ. ಅವಳು ಕೂರುತ್ತಿದ್ದದ್ದೂ ಅಲ್ಲೇ, ಗಾಜು ಉಜ್ಜುವ ಯಂತ್ರದ ಪಕ್ಕ, ಪ್ಲೈವುಡ್ ಗೋಡೆಯ ಹಿಂದೆ. ಮಾವ ಹುಟ್ಟಿದಾಗಿನಿಂದ ಯಾರನ್ನೂ 'ನೀನು' ಎಂದವರಲ್ಲ. ಕಣ್ಣು ತೋರಿಸಲು ಬಂದ ಮೊಳಕಾಲೆತ್ತರದ ಮಗುವಿಗೂ "ತಾವು ಸ್ವಲ್ಪ ಗದ್ದ ಎತ್ತಬೇಕು" ಎನ್ನುವ ಮನುಷ್ಯ. ಸೊಸೆಗೂ 'ನೀವು'. ಬೆಕ್ಕು ಒಳಗೆ ನುಗ್ಗಿದರೆ "ಹೊರಗೆ ನಡೀರಿ". ಹೀಗಾಗಿ ಅಂಗಡಿಯ ಖಾತೆಯಲ್ಲಿ ಅವಳೂ 'ತಾವು' ಬಿಟ್ಟು ಕೆಳಗಿಳಿಯುತ್ತಿರಲಿಲ್ಲ.

ಇನ್ನೊಂದು ನಾಯಿ ಬೆಕ್ಕುಗಳ ಡಾಕ್ಟರಮ್ಮನದು. ಅಲ್ಲಿ ಎಲ್ಲರೂ 'ಪುಟ್ಟಾ', ನಾಯಿಯೂ ಪುಟ್ಟ, ನಾಯಿಯ ಯಜಮಾನನೂ ಪುಟ್ಟ.

ಮೂರನೆಯದು ಪೈಲ್ವಾನನ ಜಿಮ್ಮು. ಪೈಲ್ವಾನ್ ಎಂದರೆ ಬಾಗಿಲಿನಷ್ಟಿದ್ದ, ನಿಜ. ಆದರೆ ಕಬ್ಬಿಣದ ಗುಂಡನ್ನೂ ಅದಕ್ಕೆ ನೋವಾದೀತೆಂದು ಮೆಲ್ಲಗೆ ಕೆಳಗಿಡುವ ಆಸಾಮಿ. "ನಂಗೆ ಜನರನ್ನ ಗದರಿಸೋಕೆ ಬರಲ್ಲ ಮೇಡಂ. ಆದ್ರೆ ಗದರಿಸದಿದ್ರೆ ಯಾರೂ ಬರಲ್ಲ. ನೀವೇ ಗದರಿಸಿಬಿಡಿ, ಯಾರಿಗೂ ಹೇಳ್ಬೇಡಿ" ಎಂದು ಫೋನಿನಲ್ಲೇ ಖಾತೆಯನ್ನು ಅವಳ ಕೈಗೊಪ್ಪಿಸಿದ್ದ. ಅವಳು ಮಾತು ಕೊಟ್ಟಿದ್ದಳು, ಗಂಡನಿಗೂ ಹೇಳಿರಲಿಲ್ಲ. ಎಲ್ಲಿಂದ ಬಂತೋ, ಅವಳ ಬೆರಳಿನಿಂದ ಒಂದು ಗಡಸು ದನಿ ಹೊರಟಿತು. 'ಏಳು ಮಗಾ. ಹಾಸಿಗೆ ಏನು ನಿನ್ನ ಮಾವನ ಮನೆಯಾ?' ಬೈಸಿಕೊಳ್ಳಲು ಜನ ಮುಗಿಬಿದ್ದರು. ಮನುಷ್ಯನ ಸ್ವಭಾವ ಹಾಗೇ, ಉಪಚಾರಕ್ಕಿಂತ ಬೈಗುಳ ಬೇಗ ರುಚಿಸುತ್ತದೆ.

ಮೊಬೈಲಿನ ಕೆಳಮೂಲೆಯ ದುಂಡು ಚಿತ್ರ ಒತ್ತಿ ಹಿಡಿದರೆ ಖಾತೆಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ದಾಟುವ ಮುನ್ನ ಗಿಳಿ ಆ ಖಾತೆಯ ಕರೆಯುವ ಪದವನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ತಾವು. ಪುಟ್ಟಾ. ಮಗಾ. ಅಷ್ಟು ಸಿಕ್ಕರೆ ಉಳಿದ ವಾಕ್ಯ ತಾನಾಗಿ ಹಿಂದೆ ಬರುತ್ತಿತ್ತು. ಒಮ್ಮೆ ಮರೆತು, ಕಾಲು ನೋವಿನ ನಾಯಿಯ ಯಜಮಾನನಿಗೆ 'ಸೋಗು ಸಾಕು, ಎದ್ದು ಓಡು ಮಗಾ' ಎಂದು ಡಾಕ್ಟರಮ್ಮನ ಖಾತೆಯಿಂದ ಕಳಿಸಿದ್ದಳು. ನಾಯಿ ಎದ್ದು ಓಡಿತಂತೆ. ಆಮೇಲೆ ಅವಳು ಎಚ್ಚರ ತಪ್ಪಿರಲಿಲ್ಲ.

ಜಿಮ್ಮಿನ ಖಾತೆಗೆ ಒಂದು ದಿನ 'ಕೊನೆಯ ಸಾಲು' ಎಂಬ ಹೆಸರಿನಿಂದ ಸಂದೇಶ ಬಂತು. ಚಿತ್ರವಿಲ್ಲ, ಊರಿಲ್ಲ.

'ಮಾನ್ಯರೇ, ತಾವು ಎಲ್ಲರನ್ನೂ ಮಗಾ ಎಂದೇ ಕರೆಯುತ್ತೀರಾ?'

'ಎಲ್ಲರನ್ನೂ. ನೀನೂ ಮಗಾನೇ. ಏನ್ ಬೇಕು ಹೇಳು' ಎಂದು ಗಿಳಿ ಬರೆದಳು.

ಉತ್ತರ ಬಂತು. 'ಏನೂ ಬೇಡ. ನನ್ನ ಅಣ್ಣ ಹೋದಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕೇಳಿ ನೋಡೋಣ ಎನಿಸಿತು.'

ಅಂದಿನಿಂದ ಅವಳ ತಲೆಗೆ ಹುಳ ಹೊಕ್ಕಿತು. ಯಾರಿರಬಹುದು? ಕಾಗುಣಿತ ಒಂದೂ ತಪ್ಪುವುದಿಲ್ಲ, ಮೇಷ್ಟರಿರಬೇಕು. ಕೊನೆಯ ಸಾಲು ಎಂದರೆ ಕೊನೆಯ ಬೆಂಚಿನವನೋ? ಅಷ್ಟು ವ್ಯಾಕರಣ ಕೊನೆಯ ಬೆಂಚಿಗೆ ಎಲ್ಲಿಂದ ಬರಬೇಕು. ಆತ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಪ್ರಶ್ನೆ ಕೇಳುತ್ತಿದ್ದ, ಅವಳು ಬೈದು ಉತ್ತರಿಸುತ್ತಿದ್ದಳು. ಕೊನೆಗೊಂದು ದಿನ ಮುಖ್ಯವಾದದ್ದು ಬಂತು. 'ಕಣ್ಣಿಗೆ ಪೊರೆ ಬಂದಿದೆ. ಎರಡೂ ಕಣ್ಣು. ನನ್ನ ವೃತ್ತಿಗೆ ಕಣ್ಣೇ ಬಂಡವಾಳ. ಶಸ್ತ್ರಚಿಕಿತ್ಸೆಗೆ ತಡಮಾಡಿದರೆ ಪೊರೆ ಬಲಿತು ಕಷ್ಟವಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಭಯ.'

ದರ್ಜಿಯೋ, ಅಕ್ಕಸಾಲಿಗನೋ, ಬಸ್ಸಿನ ಡ್ರೈವರೋ? ಡ್ರೈವರಾಗದಿರಲಿ ಎಂದುಕೊಂಡು ಅವಳು ಬರೆದಳು: 'ಹೆದರುಪುಕ್ಲ. ಭಯ ಆದ್ರೆ ಆಗ್ಲಿ, ಭಯಾನೂ ಜೊತೇಲಿ ಕರ್ಕೊಂಡು ಹೋಗು. ದಿನ ಗೊತ್ತು ಮಾಡಿ ನಂಗೆ ಹೇಳು.'

ಮರುದಿನವೇ ಉತ್ತರ ಬಂತು. 'ಗುರುವಾರ. ತಾವು ಹೇಳಿದ್ದಕ್ಕೆ ಒಪ್ಪಿಕೊಂಡೆ.' ಗಿಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖ ನೋಡದ ಒಬ್ಬನ ಕಣ್ಣು ಉಳಿಸಿದೆನೆಂದು ಅಂದು ಅವಳು ಅಂಗಡಿಯ ಖಾತೆಯಲ್ಲಿ ಎಲ್ಲರಿಗೂ ಎರಡೆರಡು ಸಲ 'ತಾವು' ಎಂದಳು.

ಸೋಮವಾರ ಪೈಲ್ವಾನ್ ಫೋನು ಮಾಡಿದ.

"ಮೇಡಂ, ನಿನ್ನೆ ಒಬ್ರು ಹಿರಿಯರು ಬಂದಿದ್ರು. ಕೈ ಮುಗಿದು, 'ಒಂದ್ಸಲ ನನ್ನನ್ನ ಮಗಾ ಅನ್ನಿ' ಅಂದ್ರು. ನಂಗೆ ಬಾಯೇ ಬರ್ಲಿಲ್ಲ. 'ತಾವು ಕೂತ್ಕೊಳ್ಳಿ, ನೀರು ತರ್ತೀನಿ' ಅಂದೆ. ಪಾಪ, ಅವರ ಮುಖ ಇಷ್ಟೇ ಇಷ್ಟಾಯ್ತು."

ಗಿಳಿ ನೆಟ್ಟಗೆ ಕೂತಳು. "ನೋಡೋಕೆ ಹೇಗಿದ್ರು?"

"ಎಲ್ರ ಹಾಗೇ ಇದ್ರು. ಹಾಂ, ಹೋಗೋವಾಗ ನನ್ನ ಕನ್ನಡಕ ತೆಗ್ದು ಕಿವಿ ಹತ್ರ ಒಂಚೂರು ಬಗ್ಗಿಸಿದ್ರು. ಜೇಬಿಂದ ಮೆತ್ತನೆ ಬಟ್ಟೆ ತೆಗ್ದು ಒರೆಸಿ ಮತ್ತೆ ಹಾಕಿದ್ರು. ವರ್ಷದಿಂದ ಜಾರ್ತಿತ್ತು ಮೇಡಂ, ಈಗ ಜಾರ್ತಿಲ್ಲ."

ಫೋನು ಕೆಳಗಿಟ್ಟು ಪ್ಲೈವುಡ್ಡಿನ ಸಂದಿಯಿಂದ ಇಣುಕಿದಳು. ಮಾವ ಯಾರದೋ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಗೋಡೆಯ ಮೇಲೆ ಅಕ್ಷರಗಳ ಹಲಗೆ, ಮೇಲೆ ದೊಡ್ಡವು, ಕೆಳಗೆ ಹೋಗುತ್ತಾ ಸಣ್ಣವು. "ಕೊನೆಯ ಸಾಲು ಓದಿ ನೋಡೋಣ" ಎಂದರು. ಗಿರಾಕಿ ತಡವರಿಸಿದಾಗ ಹಲಗೆಯತ್ತ ತಿರುಗದೆಯೇ ತಾವೇ ಹೇಳಿಕೊಟ್ಟರು. ಅದು ಅವರಿಗೆ ಬಾಯಿಪಾಠ. ಆಮೇಲೆ ಚೌಕಟ್ಟು ತೆಗೆಯಲು ಕಪಾಟಿನ ಮೇಲೆ ಬೆರಳಾಡಿಸುತ್ತಾ ಹುಡುಕಿದರು. ಕಣ್ಣಿದ್ದವರು ಹಾಗೆ ಹುಡುಕುವುದಿಲ್ಲ.

ದಿನವೂ ಅದೇ ಅಂಗಡಿ, ಅದೇ ಮನುಷ್ಯ. ಮೂರು ಖಾತೆಗಳಲ್ಲಿ ಊರವರ ಕಷ್ಟ ಕೇಳುತ್ತಿದ್ದವಳಿಗೆ ಗೋಡೆಯಾಚೆಯದು ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಮ್ಮನಲ್ಲ. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಅದರ ಹಿಂದೆಯೇ, ಮಾವನನ್ನು ಹೆದರುಪುಕ್ಲ ಎಂದೆನಲ್ಲ ಎಂಬ ನೆನಪು ಬಂದು ಕಿವಿ ಬಿಸಿಯಾಯಿತು. ಅತ್ತೆಗೆ ಗೊತ್ತಾದರೆ ಕಥೆ ಮುಗಿಯಿತು.

ಗಿರಾಕಿ ಹೋದ ಮೇಲೆ ಹೊರಗೆ ಸದ್ದಿರಲಿಲ್ಲ. ಜಿಮ್ಮಿನ ಖಾತೆಗೆ ಸಂದೇಶ ಬಂತು.

'ಮಾನ್ಯರೇ, ಜಿಮ್ಮಿಗೆ ಹೋಗಿ ಬಂದೆ. ಅಲ್ಲಿರುವವರು ತಾವಲ್ಲ. ಅವರು ಸಜ್ಜನರು, ಆದರೆ ನನ್ನಂಥವರೇ. ನನ್ನನ್ನು ಗದರಿಸಿದವರು ಯಾರು ಎಂದು ತಿಳಿಯಲಿಲ್ಲ. ಗುರುವಾರದ ವಿಚಾರ ಕೈಬಿಟ್ಟಿದ್ದೇನೆ. ಇಲ್ಲದ ಮನುಷ್ಯನ ಮಾತು ನಂಬಿ ಕಣ್ಣು ಒಪ್ಪಿಸಲು ಹೇಗೆ ಸಾಧ್ಯ?'

ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ದುಂಡು ಚಿತ್ರ ಒತ್ತಿ ಹಿಡಿದಳು. ಖಾತೆಗಳು ಸಾಲಾಗಿ ನಿಂತವು. ಪೈಲ್ವಾನನಾಗಿ ಉತ್ತರಿಸಿದರೆ ಮತ್ತೊಂದು ಸುಳ್ಳು, ಮಾವ ಇನ್ನು ಅದನ್ನು ನಂಬುವವರಲ್ಲ. ಅಂಗಡಿಯಾಗಿ ಬರೆದರೆ ಮಾವನೇ ಮಾವನಿಗೆ ಬರೆದ ಹಾಗೆ. ಡಾಕ್ಟರಮ್ಮನಾಗಿ ಮಾವನನ್ನು ಪುಟ್ಟಾ ಎನ್ನಲೇ? ಅಷ್ಟು ಸಂಕಟದಲ್ಲೂ ನಗು ಬಂತು. ಎಲ್ಲಕ್ಕಿಂತ ಕೆಳಗೆ ಅವಳದೇ ಖಾತೆಯಿತ್ತು, ಮದುವೆಯ ಚಿತ್ರವೊಂದು ಬಿಟ್ಟರೆ ಖಾಲಿ. ಅದನ್ನು ಒತ್ತಿ, ಅಭ್ಯಾಸದಂತೆ ಕರೆಯುವ ಪದ ಹೇಳಿಕೊಳ್ಳಲು ಬಾಯಿ ತೆರೆದರೆ ಏನೂ ಬರಲಿಲ್ಲ. ಈ ಖಾತೆಯಿಂದ ಅವಳು ಯಾರನ್ನೂ ಏನೂ ಎಂದು ಕರೆದಿರಲಿಲ್ಲ.

'ಮಾವ, ಅದು ನಾನು. ದಯವಿಟ್ಟು ಗುರುವಾರ ಹೋಗಿ ಬನ್ನಿ' ಎಂದು ಬರೆದು ಓದಿಕೊಂಡಳು. ಇಂಥ ಮಾತಿಗೆ ಮಾವ 'ಆಗಲಮ್ಮಾ, ನೋಡೋಣ' ಎಂದು ನಯವಾಗಿ ಜಾರಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅಳಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡವಳಂತೆ ಬರೆದು ಕಳಿಸಿಯೇಬಿಟ್ಟಳು. 'ಇಲ್ಲದ ಮನುಷ್ಯ ಅಲ್ಲ, ಗೋಡೆ ಹಿಂದೆ ಇದ್ದೀನಿ. ಗುರುವಾರ ನೀನು ಹೋಗ್ತಿದ್ದೀಯ ಮಗಾ. ನಾನೂ ಬರ್ತಿದ್ದೀನಿ.'

ಗೋಡೆಯಾಚೆ ಮೊಬೈಲು ಟಿಂಗ್ ಎಂದಿತು. ಅಕ್ಷರ ದೊಡ್ಡದು ಮಾಡಿಕೊಂಡು ಓದಬೇಕಲ್ಲ, ಹೊತ್ತು ಹಿಡಿಯಿತು. ಆಮೇಲೆ ಮಾವ ಬಂದು ಬಾಗಿಲಲ್ಲಿ ನಿಂತರು.

"ನೀನೇನಾ?"

ಸೊಸೆಯಾಗಿ ಬಂದಾಗಿನಿಂದ ಮೊದಲ ಸಲ ಅವರು ಹಾಗೆ ಕರೆದದ್ದು. ಅವರಿಗದು ಗೊತ್ತಾದಂತಿರಲಿಲ್ಲ.

"ನಾನೇ ಮಾವ. ನೀವು ಅಂತ ಗೊತ್ತಿರ್ಲಿಲ್ಲ. ಹೆದರುಪುಕ್ಲ ಅಂದಿದ್ದು..."

"ಅದು ಸರಿಯಾಗೇ ಇತ್ತು." ಮಾವ ಸ್ಟೂಲು ತಡವಿ ಕೂತರು. "ನಂಗೆ ಇದ್ದದ್ದು ಒಂದೇ ಕುತೂಹಲ. ಇಷ್ಟು ಸಲಿಗೆಯಿಂದ ಬೈಯೋ ಮನುಷ್ಯ ಎಲ್ಲಿದ್ದಾನೆ ಅಂತ. ಹುಡ್ಕೊಂಡು ಬಸ್ಸಲ್ಲಿ ಹೋದೆ ನೋಡಿ."

"ಗುರುವಾರ ಹೋಗ್ತೀರಲ್ಲ?"

"ನೋಡೋಣಮ್ಮಾ" ಎಂದರು ಮಾವ. ಮತ್ತೆ 'ಅಮ್ಮಾ'. ಗಿಳಿಗೆ ಸಿಟ್ಟೇ ಬಂತು, ಆದರೆ ಎದುರಿಗೆ ನಾಲಿಗೆ ಹೊರಳಲಿಲ್ಲ. ಆ ಸಂಜೆಯೇ ಅತ್ತೆಗೆ ಪೊರೆಯ ವಿಷಯ ಮಾತ್ರ ಹೇಳಿದಳು. ಅತ್ತೆ ಮೊದಲು ಅತ್ತರು, ಆಮೇಲೆ ಗಂಡನ ಬಟ್ಟೆ ಇಸ್ತ್ರಿ ಮಾಡಿಟ್ಟರು. ಗುರುವಾರಕ್ಕೆ ಮಗ ರಜೆ ಹಾಕಿ ಬಂದ. ಮೂವರ ನಡುವೆ ಸಿಕ್ಕಿಬಿದ್ದು ಮಾವ ಆಸ್ಪತ್ರೆಯವರೆಗೆ ಬಂದರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸು ಮಾವನಿಗೆ ಹಸಿರು ಟೋಪಿ ತೊಡಿಸಿ, "ಬನ್ನಿ ಸಾರ್, ಏನೂ ಆಗಲ್ಲ" ಎಂದಳು. ಮಾವ ಹೆಜ್ಜೆ ಎತ್ತಲಿಲ್ಲ.

"ತಾವು ದಯವಿಟ್ಟು ತಪ್ಪು ತಿಳ್ಕೋಬಾರ್ದು. ಮುಂದಿನ ವಾರ ಬರ್ತೀನಿ" ಎಂದು ಅವಳಿಗೆ ಕೈ ಮುಗಿದರು.

"ಹೋಗಿ ಬನ್ನಿ ಅಪ್ಪ" ಎಂದ ಮಗ. "ಹೋಗ್ರೀ" ಎಂದರು ಅತ್ತೆ. ಮಾವ ತಿರುಗಿ ನಿಂತೇಬಿಟ್ಟರು. ಮಂಜುಗಟ್ಟಿದ ಕಣ್ಣಿನಿಂದ ಮುಖಗಳ ಮೇಲೆ ಹುಡುಕುತ್ತಾ ಹುಡುಕುತ್ತಾ ಗಿಳಿಯ ಕಡೆ ಬಂದು ನಿಂತರು. ಕಾಯುತ್ತಿದ್ದರು.

ಪಕ್ಕದಲ್ಲಿ ಗಂಡನಿದ್ದ, ಅತ್ತೆಯಿದ್ದರು, ಬೆಂಚಿನ ತುಂಬಾ ಊರ ಜನ. ಗಿಳಿಯ ಕೈಯಲ್ಲಿ ಮೊಬೈಲಿರಲಿಲ್ಲ.

"ಏನ್ ನೋಡ್ತಿದ್ದೀಯ? ನಡಿ ಮಗಾ ಒಳಗೆ" ಎಂದಳು ಗಟ್ಟಿಯಾಗಿ. "ನಾನಿಲ್ಲೇ ಕೂತಿರ್ತೀನಿ."

ಅತ್ತೆ ಬಾಯಿ ಬಿಟ್ಟುಕೊಂಡು ಸೊಸೆಯನ್ನು ನೋಡಿದರು.

"ಹೂಂ" ಎಂದು, ಮಾವ ಒಳಗೆ ಹೋದರು.