ಅತ್ತಿಗೆಯ ಹಣೆಗೆರೆ

ನಮ್ಮ ಅತ್ತಿಗೆ ಶಾಲೆಯಲ್ಲಿ ಟೀಚರು. ಬೆತ್ತ ಮುಟ್ಟಿದವರಲ್ಲ, ಅವರ ಕೆಲಸವೆಲ್ಲ ಹಣೆಯಿಂದಲೇ. ಹುಬ್ಬಿನ ನಡುವೆ ಒಂದು ಗೆರೆ ಮೂಡಿದರೆ ಬಾಯಿ ಮುಚ್ಚಬೇಕು, ಎರಡಾದರೆ ಎದ್ದು ನಿಲ್ಲಬೇಕು, ಮೂರಾದರೆ ಬಾಗಿಲಾಚೆ. ಮಕ್ಕಳು ಇದನ್ನು ಅಕ್ಷರಕ್ಕಿಂತ ಮೊದಲೇ ಕಲಿಯುತ್ತಿದ್ದರು.

"ಯಾವಾಗ ನೋಡಿದ್ರೂ ಸಿಡುಕು ಮುಖ ಕಣೇ ನಿಂದು," ಎಂದ ನಮ್ಮಣ್ಣ ಒಂದು ದಿನ.

ಮರುದಿನವೇ ಅತ್ತಿಗೆ ಚರ್ಮದ ಡಾಕ್ಟರ ಹತ್ತಿರ ಹೊರಟರು. ಏನು ಮಾಡುತ್ತಾರೋ ನೋಡೋಣವೆಂದು ನಾನೂ ಹಿಂದೆಯೇ ಹೋದೆ.

"ಹುಬ್ಬು ಗಂಟಿಕ್ಕೋ ಸ್ನಾಯುನ ಈ ಇಂಜೆಕ್ಷನ್ ಮಲಗಿಸುತ್ತೆ, ಅಷ್ಟೇ. ಮೂರ್ನಾಲ್ಕು ತಿಂಗಳಾದ್ಮೇಲೆ ತಾನಾಗೇ ಏಳುತ್ತೆ," ಎಂದರು ಡಾಕ್ಟರು.

ವಾರದಲ್ಲಿ ಹಣೆ ಒರೆಸಿಟ್ಟ ತಟ್ಟೆಯಂತಾಯಿತು. ಅಣ್ಣನಿಗೆ ಖುಷಿಯೋ ಖುಷಿ. ತರಗತಿ ಮಾತ್ರ ಸಂತೆಯಾಯಿತು. ಅತ್ತಿಗೆ ಎಷ್ಟು ಕೆರಳಿದರೂ ಮಕ್ಕಳಿಗೆ ಕಂಡದ್ದು ನಯವಾದ ಹಣೆ. ಕೊನೆಗೆ ಹೆಡ್ ಮಿಸ್ ಬಂದು, "ಸೋಮವಾರ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ಈ ಕ್ಲಾಸು ಬೇರೆಯವ್ರಿಗೆ," ಎಂದರು.

ಆ ಕ್ಲಾಸೆಂದರೆ ಅತ್ತಿಗೆಗೆ ಪ್ರಾಣ. ಭಾನುವಾರವಿಡೀ ಕನ್ನಡಿ ಮುಂದೆ ಕೂತು ಸಿಟ್ಟು ಮಾಡಿಕೊಂಡರು. ಹಣೆ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಅತ್ತಿಗೆ, ಅಲ್ಲಾಡ್ಬೇಡಿ. ಗಲ್ಲದಲ್ಲಿ ಏನೋ ಓಡಾಡ್ತಿದೆ."

"ನಗಬೇಡ್ವೋ ಕೋತಿ! ಇಲ್ಲಿ ನನ್ನ ಕ್ಲಾಸೇ ಹೋಗ್ತಿದೆ!"

"ನಗ್ತಿಲ್ಲ. ಇನ್ನೊಂಚೂರು ಸಿಟ್ಟು ಮಾಡ್ಕೊಳ್ಳಿ ನೋಡೋಣ."

ಹಣೆಯಲ್ಲಿ ಜಾಗ ಸಿಗದ ಗೆರೆ, ಬಾಡಿಗೆ ಮನೆ ಹುಡುಕುವವರ ಹಾಗೆ ಕೆಳಗಿಳಿಯುತ್ತಿತ್ತು. ಗಲ್ಲ, ಕತ್ತು, ಭುಜ ದಾಟಿ ಬಲ ಮೊಣಕೈಯಲ್ಲಿ ನೆಲೆಸಿತು. ಕನ್ನಡಕ ಹಾಕಿಕೊಂಡು ನೋಡಿದೆ. ಸಾಕ್ಷಾತ್ ಅದೇ!

ಸೋಮವಾರ ಊಟದ ಡಬ್ಬಿ ಕೊಡುವ ನೆಪದಲ್ಲಿ ನಾನು ಕಿಟಕಿಗೆ ಅಂಟಿಕೊಂಡಿದ್ದೆ. ಹಿಂದಿನ ಬೆಂಚಿನಿಂದ ಕಾಗದದ ಬಾಣವೊಂದು ಹಾರಿತು. ಅತ್ತಿಗೆ ತೋಳು ಮಡಚಿ ಮೊಣಕೈಯನ್ನು ಆ ಕಡೆ ತಿರುಗಿಸಿದರು. ಬಾಣ ನೆಲ ಮುಟ್ಟುವುದರೊಳಗೆ ತರಗತಿ ಗಪ್‌ಚಿಪ್. ಬೈಯುವುದಕ್ಕೆಂದು ಬಾಗಿಲಲ್ಲಿ ಬಾಯಿ ತೆರೆದಿದ್ದ ಹೆಡ್ ಮಿಸ್ ಕೂಡ ಬಾಯಿ ಮುಚ್ಚಿ, ಬಂದ ದಾರಿಯಲ್ಲೇ ಹೋದರು. ಕ್ಲಾಸು ಅತ್ತಿಗೆಗೇ ಉಳಿಯಿತು.

ಡಾಕ್ಟರಿಗೆ ಸುದ್ದಿ ಮುಟ್ಟಿಸಿದ್ದು ನಾನೇ. ಭೂತಗನ್ನಡಿ ಹಿಡಿದು ಮನೆಗೇ ಬಂದು ಕೂತರು. "ಅಲ್ಲಮ್ಮಾ, ಇಲ್ಲೂ ಒಂದು ಚುಚ್ಚಿ ನೋಡೋಣ್ವಾ? ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ..."

ಅತ್ತಿಗೆ ಮೊಣಕೈ ಎತ್ತಿದರು. ಒಂದು ಗೆರೆ ಮೂಡಿತು, ಡಾಕ್ಟರ ಬಾಯಿ ಮುಚ್ಚಿತು. ಇನ್ನೊಂದು ಮೂಡಿತು, ಎದ್ದು ನಿಂತರು.

"ನಂಗೂ ಅದೇ ಕುತೂಹಲ, ಅತ್ತಿಗೆ," ಎನ್ನಹೊರಟಿದ್ದ ನಾನು, ಮೂರನೆಯದು ಮೂಡುವಷ್ಟರಲ್ಲಿ ಬಾಗಿಲಾಚೆ ಇದ್ದೆ.