ಹೆಸರು ಗೊತ್ತಿಲ್ಲದ ಅಕ್ಕ

ಗಂಜಿ ಬಿಡದ ಸೀರೆಯ ಅಂಚು ಕಣಕಾಲಿಗೆ ಚುಚ್ಚುತ್ತಿದೆ, ಉಡಬಾರದಿತ್ತೇನೋ, ಇದು ತನ್ನದಲ್ಲ, ಆಕೆಯದು — ಶಾಮಿಯಾನದ ಮುಂದಿನ ಕುರ್ಚಿಯಲ್ಲಿ ನೀಲವ್ವ ಕಾಲು ಸರಿಸಿ ಕೂತಳು, ಹೈವೇ ಲಾರಿಗಳ ಸದ್ದಿನಲ್ಲಿ ಮೈಕಿನ ಮಾತು ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ, ಶಿಗ್ಗಾಂವದ ಈ ಹೊಸ ಕಲ್ಲಿನಲ್ಲಿ ಯುದ್ಧಕ್ಕೆ ಹೋದವರ ಹೆಸರುಗಳು, ಅದರಲ್ಲಿ ದುಂಡಸಿಯ ಹನುಮಂತಪ್ಪ, ತನ್ನ ಗಂಡ, ಇನ್ನೊಂದು ವರ್ಷ ಇದ್ದಿದ್ದರೆ ತಾನೇ ಬೆರಳಾಡಿಸಿ ನೋಡುತ್ತಿದ್ದ, ಮದುವೆಯಾದ ಮೊದಲ ನಾಗರ ಪಂಚಮಿಗೆ ಅವನ ಚೀಲದಲ್ಲಿ ಎರಡು ಇಳಕಲ್ ಸೀರೆ, ಒಂದ ನಿನಗ, ಒಂದ ಅಕ್ಕಗ, ನಿಮಗ ಅಕ್ಕ ಎಲ್ಲಿದ್ದಾರ್ರೀ, ಒಬ್ಬನೇ ಮಗ ಅಂತ ಹೇಳಿದ್ರಲ್ಲ, ಅಂದವಳೇ ತಟ್ಟೆ ಕುಕ್ಕಿ ಒಳಗೆ ಹೋಗಿದ್ದಳು, ಎಂಥ ಹೊಟ್ಟೆಕಿಚ್ಚು ಆಗ, ಆಮೇಲೆ ಅವನು ಮೆಲ್ಲಗೆ ಹೇಳಿದ, ಬಾಂಗ್ಲಾ ಯುದ್ಧದಾಗ ತೊಡಿಗೆ ಗುಂಡ ಬಿತ್ತು, ಜೊತಿಗಿದ್ದವ್ರು ಮುಂದ ಹೋದ್ರು, ಒಬ್ಬಾಕಿ ರಟ್ಟಿ ಹಿಡಿದು ಎಳಕೊಂಡು ಹೋಗಿ ಹಿತ್ತಲದಾಗ ಇಟ್ಟಳು, ಗಾಯ ತೊಳದಳು, ಮೀನ ತಿನ್ನದಾಂವಗ ಮೀನದ ಅನ್ನ ಉಣಿಸಿದಳು — ಆಕೆಯ ಮಾತು ಇವನಿಗೆ ತಿಳಿಯದು, ಇವನದು ಆಕೆಗೆ, ಅಕ್ಕಾ ಅಂತ ಕರೆದರೆ ಅದು ಇವನ ಹೆಸರೆಂದುಕೊಂಡು ಆಕೆಯೂ ಇವನನ್ನು ಅಕ್ಕಾ ಅಕ್ಕಾ ಎನ್ನುತ್ತಿದ್ದಳಂತೆ, ಹೇಳುವಾಗ ನಗುತ್ತಿದ್ದ, ನಕ್ಕು ಕಣ್ಣೊರೆಸುತ್ತಿದ್ದ, ಒಂದು ಕೆರೆ, ನಾಲ್ಕು ಬಾಳೆಗಿಡ, ಹುಲ್ಲಿನ ಬಣವೆ, ವಿಳಾಸ ಅಷ್ಟೇ, ಅಷ್ಟರಲ್ಲಿ ಯಾರನ್ನು ಹುಡುಕಿಕೊಂಡು ಹೋಗುವುದು, ಆದರೂ ಪಂಚಮಿಗೊಂದು ಸೀರೆ ಟ್ರಂಕಿಗೆ ಸೇರುತ್ತಲೇ ಇತ್ತು, ಬರಬರುತ್ತ ಬಣ್ಣ ಆರಿಸುವವಳು ನೀಲವ್ವನೇ ಆದಳು, ಆಕಿ ಕೆಂಪಗಿದ್ದಳೇನ್ರಿ ಕಪ್ಪಗಿದ್ದಳೇನ್ರಿ ಅಂತ ಕೇಳಿ ಕೇಳಿ.

ಬರ್ರಿ ವೈನಿ, ನಾಕ ಮಾತ ಆಡ್ರಿ — ಮಾಲತೇಶ ಕೈಹಿಡಿದು ಎಬ್ಬಿಸುತ್ತಿದ್ದಾನೆ, ತನ್ನನ್ನು ಅತ್ತಿಗೆಯೆಂದೇ ಕಾಣುವವನು, ಸೈನ್ಯದಿಂದ ನಿವೃತ್ತನಾಗಿ ಬಂದು ಈ ಕಲ್ಲು ನಿಲ್ಲಿಸಿದವನು, ಮೈಕು ತಣ್ಣಗಿದೆ, ಎದುರಿಗೆ ಎಷ್ಟು ಮುಖಗಳು, ನನಗ ಭಾಷಣ ಬರೂದಿಲ್ರಿ, ಇವರ ಹೆಸರಿನ ಕೆಳಗ ಆಕಿ ಹೆಸರೂ ಬರಸ್ರಿ, ಯಾರ ಹೆಸರ್ರೀ ವೈನಿ, ಇವರನ್ನ ಉಳಿಸಿದಾಕಿದು, ಹೆಸರ ಗೊತ್ತಿಲ್ಲ ಮಾಲತೇಶಪ್ಪಾ, ಅಕ್ಕ ಅಂತ ಬರಸು, ಎಲ್ಲಿಯ ಅಕ್ಕ, ಯಾವ ದೇಶದಾಕಿ ಅಂತ ಹಿಂದೆ ಯಾರೋ ಗೊಣಗಿದರು, ಅವನು ಅತ್ತ ನೋಡಲಿಲ್ಲ, ಕಲ್ಲು ಕೆತ್ತುವವನಿಂದ ಸೀಮೆಸುಣ್ಣ ಇಸಿದುಕೊಂಡು ಮೊಣಕಾಲೂರಿ ಬರೆದ, ಎರಡೇ ಅಕ್ಷರ, ನಾಳೆ ಕೆತ್ತಸ್ತೇನಿ ವೈನಿ ಅಂದ, ಆಯಿತು, ಇದನ್ನು ಯಾರಿಗೆ ಹೋಗಿ ಹೇಳಲಿ, ಮನೆಯಲ್ಲಿ ಅವನಿಲ್ಲ, ಆಕೆ ಇದ್ದಾಳೋ ಇಲ್ಲವೋ, ಇದ್ದರೆ ತನಗಿಂತ ದೊಡ್ಡವಳು, ಒಮ್ಮೆ ಆ ಹಿತ್ತಲಲ್ಲಿ ನಿಲ್ಲಬೇಕಿತ್ತು, ವೈರಿ ಸಿಪಾಯಿಗಳು ಹುಡುಕುತ್ತ ಊರೊಳಗೆ ಬಂದಾಗ ಆಕೆ ಇವನ ಮೇಲೆ ಹುಲ್ಲು ಎಳೆದು ತಾನೇ ಅದರ ಮೇಲೆ ಕೂತಳಂತೆ, ಮಡಿಲಲ್ಲಿ ಕೂಸು, ಬೂಟುಗಳು ಹತ್ತಿರ ಬಂದವು, ಏನೋ ಗದರಿಸಿ ಕೇಳಿದರು, ಆಕೆ ಇಲ್ಲ ಅಂದಿರಬೇಕು, ಕೂಸು ಅತ್ತಿತು, ಎದೆಗೆ ಹಚ್ಚಿಕೊಂಡಳು — ಪ್ರತಿ ಸಲವೂ ಅವನು ಇಲ್ಲಿಗೇ ನಿಲ್ಲುತ್ತಿದ್ದ, ಇಲ್ಲಿಂದ ಮುಂದಕ್ಕೆ ಹೋಗಲು ಅವನಿಗೆ ಆಗುತ್ತಲೇ ಇರಲಿಲ್ಲ, ಒಂದು ಮಗುವನ್ನೂ ಹೆರದ ನೀಲವ್ವನಿಗೂ ಆಗದು, ಬೂಟುಗಳು ಇನ್ನೂ ಅಂಗಳದಲ್ಲೇ ಇವೆ, ಹುಲ್ಲಿನ ಕೆಳಗೆ ಅವನು ಉಸಿರು ಬಿಗಿಹಿಡಿದಿದ್ದಾನೆ, ಮೇಲೆ, ಕಿವಿಯ ಹತ್ತಿರದಲ್ಲೇ, ಕೂಸು ಹಾಲು ನುಂಗುವ ಸದ್ದು, ಗುಟುಕು, ಇನ್ನೊಂದು ಗುಟುಕು —