ಎಡಗೈ ಹೊಲಿಗೆ

ಅಮೀರ್‌ಪೇಟ್‌ನ ಹುಡುಗಿಯರ ಹಾಸ್ಟೆಲಿನಲ್ಲಿ ನಾನು ವಾರ್ಡನ್. ಇಂಟರ್‌ವ್ಯೂಗೆ ಹೊರಟವರ ಹೊಸ ಬಟ್ಟೆಯ ಒಳಅಂಚಿಗೆ ಹೆಬ್ಬೆರಳಿನಿಂದ ಒಂದು ಬೊಟ್ಟು ಅರಿಸಿನ ಹಚ್ಚಿ ಕೊಡುವುದು ನನ್ನ ರೂಢಿ. ತಾಯಿ ಹತ್ತಿರವಿದ್ದರೆ ಅವಳೇ ಹಚ್ಚುತ್ತಿದ್ದಳಲ್ಲ.

ಸೋಮವಾರ ಗುರುದೇವಿಯ ಸರದಿ. ಯಾದಗಿರಿ ಕಡೆಯವಳು, ಅಪ್ಪ ಲಿಂಗಂಪಲ್ಲಿಯಲ್ಲಿ ಗಾರೆ ಕೆಲಸ ಮಾಡುತ್ತಾನೆ. ಈ ಸಲವೂ ಕೆಲಸ ಸಿಗದಿದ್ದರೆ ಹಾಸ್ಟೆಲು ಬಿಟ್ಟು ಅಪ್ಪನ ಜೊತೆ ಇಟ್ಟಿಗೆ ಹೊರಬೇಕಿತ್ತು. ಕಂಪನಿಯವರು 'ಫಾರ್ಮಲ್ಸ್ ಬೇಡ, ಆರಾಮಾಗಿ ಬನ್ನಿ' ಎಂದು ಬರೆದದ್ದೇ ಅವಳಿಗೆ ಸಂಕಟವಾಗಿತ್ತು.

"ಆರಾಮ ಅಂದ್ರ ಎಂಥಾದ್ರಿ ಅಮ್ಮಾರ? ನನ್ನ ಹತ್ರ ಮದುವಿಗೆ ಹಾಕ್ಕೊಳ್ಳೋದು ಒಂದೈತಿ, ಮನ್ಯಾಗ ಹಾಕ್ಕೊಳ್ಳೋದು ಒಂದೈತಿ. ನಡುವಿಂದು ಇಲ್ಲ."

"ನಡುವಿಂದು ಹುಡುಕೋಣ ಬಾ," ಎಂದೆ.

ಭಾನುವಾರ ಮಧ್ಯಾಹ್ನ ಸುಗಲಮ್ಮನ ಹತ್ತಿರ ಹೋದೆವು. ಸ್ಟೀಲ್ ಪಾತ್ರೆ ಕೊಟ್ಟು ಮನೆಮನೆಯಿಂದ ಹಳೆಬಟ್ಟೆ ತಂದು ಫುಟ್‌ಪಾತಿನಲ್ಲಿ ಮಾರುವವಳು. ಗುರುದೇವಿ ರಾಶಿಯೊಳಗಿಂದ ತಿಳಿನೀಲಿ ಹತ್ತಿಯ ಕುರ್ತಾ ಎಳೆದಳು. ಒಮ್ಮೆಯೂ ತೊಟ್ಟಂತಿರಲಿಲ್ಲ. ಮೈಗೆ ಹಿಡಿದರೆ ಮಾತ್ರ ಒಂದು ಗೇಣು ಹೆಚ್ಚು ಉದ್ದ.

"ಇದರಾಗ ನನ್ನಂಥವರು ಇಬ್ಬರು ಹಿಡಿತಾರ್ರಿ," ಎಂದು ನಕ್ಕಳು.

"ಮಡಿಚಿ ಹೊಲಿದ್ರ ಆತು. ನಾ ಹೊಲಿದು ಕೊಡ್ತೀನಿ," ಎಂದೆ.

ಇಂಟರ್‌ವ್ಯೂಗೆ ಎಂದು ತಿಳಿದು ಸುಗಲಮ್ಮ ಇನ್ನೂರರಿಂದ ನೂರಕ್ಕೆ ಇಳಿದಳು. ದುಪಟ್ಟಾ ಜಾರದಿರಲೆಂದು ತನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನೂ ತೆಗೆದುಕೊಟ್ಟಳು.

ಒಗೆಯಲು ಕುರ್ತಾ ಒಳಮಗ್ಗಲು ಮಾಡಿದಾಗ ಅಂಚಿನಲ್ಲಿ ಮಾಸಿದ ಅರಿಸಿನದ ಬೊಟ್ಟು ಕಂಡಿತು. ಅದರ ನಡುವೆ ಒಂದು ಓರೆಗೆರೆ. ಈಳಿಗೆ ತಗುಲಿ ನನ್ನ ಹೆಬ್ಬೆರಳಿನಲ್ಲಿ ಉಳಿದ ಗಾಯದ ಗೆರೆ ಅದೇ.

ಮಧುರಾ.

ಮೂರು ವರ್ಷದ ಹಿಂದೆ ಇಲ್ಲಿದ್ದ ಎತ್ತರದ ಹುಡುಗಿ. ಯಾರ ಬಟ್ಟೆ ಹರಿದರೂ ಕೇಳುವ ಮೊದಲೇ ಎಡಗೈಯಲ್ಲಿ ಸೂಜಿ ಹಿಡಿದು ಹೊಲಿದಿಡುತ್ತಿದ್ದಳು. ಅವಳ ಹೊಲಿಗೆಗಳು ಎಡಕ್ಕೆ ವಾಲಿರುತ್ತಿದ್ದವು. ಇಂಟರ್‌ವ್ಯೂಗೆಂದು ಕುರ್ತಾ ಕೊಂಡು ಅರಿಸಿನ ಹಚ್ಚಿಸಿಕೊಂಡ ಮರುದಿನವೇ ಜ್ವರ ಬಂತು. ತೊಡಲಿಲ್ಲ. ನಾಲ್ಕನೆಯ ದಿನ ತೀರಿಹೋದಳು. ಟ್ರಂಕಿನಲ್ಲಿ ಅದನ್ನು ಎಲ್ಲಕ್ಕಿಂತ ಮೇಲಿಟ್ಟು ಕಾಚಿಗೂಡ ಸ್ಟೇಷನ್ನಿನಲ್ಲಿ ಅವಳ ತಂದೆಗೆ ಒಪ್ಪಿಸಿದವಳು ನಾನೇ. ಅಲ್ಲಿಂದ ಅದು ಸುಗಲಮ್ಮನ ರಾಶಿಗೆ ಹೇಗೆ ಬಂತೋ.

ಗುರುದೇವಿಗೆ ಹೇಳಲೇ? ಬೇರೆ ಬಟ್ಟೆಯಿಲ್ಲ, ಬೇರೆ ದಿನವೂ ಇಲ್ಲ. ಸುಮ್ಮನೆ ಒಗೆದು ಒಣಗಿಸಿದೆ. ಸಂಜೆ ಕಿಟಕಿಯ ಬಳಿ ಎಷ್ಟು ಹೆಣಗಿದರೂ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಬೆಳಗಿನ ಬೆಳಕಿನಲ್ಲಿ ಹೊಲಿದರಾಯಿತೆಂದು ಕುರ್ತಾವನ್ನು ಕುರ್ಚಿಯ ಮೇಲೆ ಹರವಿ ಮಲಗಿದೆ.

ಬೆಳಿಗ್ಗೆ ಎದ್ದಾಗ ಅಂಚು ಹೊಲಿದಾಗಿತ್ತು.

ಸಣ್ಣ, ಒತ್ತಾದ ಹೊಲಿಗೆಗಳು. ಎಲ್ಲವೂ ಎಡಕ್ಕೆ ವಾಲಿದ್ದವು. ನನ್ನ ಸೂಜಿ ಚುಚ್ಚಿಟ್ಟಲ್ಲೇ ಇತ್ತು, ದಾರವಿಲ್ಲದೆ.

"ಅಯ್ಯ, ನಿದ್ದಿಗೆಟ್ಟು ಹೊಲಿದ್ರೇನ್ರಿ ಅಮ್ಮಾರ?" ಗುರುದೇವಿ ತೊಟ್ಟು ತಿರುಗಿದಳು. ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಮಂಡಿಯೂರಿ ಹಳೆಯ ಬೊಟ್ಟಿನ ಪಕ್ಕ ಹೊಸದೊಂದು ಬೊಟ್ಟಿಟ್ಟೆ. ಬೆರಳಿಗೆ ಆ ಜಾಗದ ಬಟ್ಟೆ ಜ್ವರದ ಮೈಯಂತೆ ಬಿಸಿ ತಾಗಿತು.

ಸಂಜೆ ಐದಕ್ಕೆ ಗುರುದೇವಿ ಮೆಟ್ಟಿಲು ಹತ್ತುವಾಗಲೇ ಕೂಗಿದಳು.

"ಸಿಕ್ತ್ರಿ ಅಮ್ಮಾರ! ಬರೋ ಸೋಮವಾರದಿಂದ ಬಾ ಅಂದ್ರು!"

"ಹೆದರಿಕಿ ಆಗಲಿಲ್ಲೇನ?"

"ಕಾಲು ಭಾಳ ನಡಗಾಕತ್ತಿದ್ದವ್ರಿ. ಆಮ್ಯಾಲ ಯಾರೋ ಬಗ್ಗಿ ಅಂಚು ಸರಿಮಾಡಿದಂಗ ಆತು. ನೋಡಿದ್ರ ಯಾರೂ ಇಲ್ಲ. ಆದ್ರ ನಡುಕ ನಿಂತೇಬಿಟ್ಟಿತ್ರಿ." ಕೆಳಗೆ ನೋಡಿಕೊಂಡು ಬೆಚ್ಚಿದಳು. "ಅಯ್ಯ, ಇದೆಲ್ಲಿ ಬಿಚ್ಚಿಕೊಂತು?"

ಕುರ್ತಾ ಮತ್ತೆ ಒಂದು ಗೇಣು ಇಳಿದಿತ್ತು. ದಾರದ ಎಳೆಯಿಲ್ಲ, ಸೂಜಿ ಚುಚ್ಚಿದ ಗುರುತಿಲ್ಲ. ಅಂಚು ಮಗುಚಿ ನೋಡಿದೆ. ಬೆಳಿಗ್ಗೆ ನಾನಿಟ್ಟ ಬೊಟ್ಟು ಮಾತ್ರ ಇತ್ತು. ಹಳೆಯದು ಇರಲಿಲ್ಲ.

ಎಷ್ಟೋ ಹೊತ್ತು ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದೆ. ಈಗ ಅದು ಬರೀ ಬಟ್ಟೆಯಷ್ಟು ತಣ್ಣಗಿತ್ತು.

"ತಾ ಇಲ್ಲೆ," ಎಂದೆ. "ಈ ಸಲ ನಾನೇ ಹೊಲೀತೀನಿ."

ಗುರುದೇವಿ ನನ್ನ ಪಕ್ಕ ಕೂತು, ಸೂಜಿಗೆ ದಾರ ಪೋಣಿಸಿಕೊಟ್ಟಳು.